ಬೀರುವಿನೊಳಗಿನ ಹುಡುಗಿ

ಸಾವಿರದ ಒಂಬೈನೂರ ಎಂಬತ್ತಮೂರರ ಫೆಬ್ರವರಿಯಲ್ಲಿ ಬಡವನಹಳ್ಳಿಯ ಸಂತೆ ಮೈದಾನಕ್ಕೆ ಬರಬೇಕಾಗಿದ್ದದ್ದು ಒಂದು ದೇವರ ಪಿಕ್ಚರು. ಬಂದದ್ದು ಜಪಾನಿನದು.

ಮೈದಾನದಲ್ಲಿ ಡೇರೆ ಹೊಡೆದಿದ್ದ ಟೂರಿಂಗ್ ಟಾಕೀಸಿನ ಯಜಮಾನ ಶಿರಾದ ಶಫೀವುಲ್ಲಾ. ಬಸ್ಸಿನ ಟಾಪಿನಿಂದ ಇಳಿಸಿದ ತಗಡಿನ ಡಬ್ಬಗಳನ್ನು ತೆರೆದು, ಫಿಲಂನ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದವನು ಅಲ್ಲೇ ಕುಕ್ಕರಿಸಿಬಿಟ್ಟ. ಕೃಷ್ಣನೂ ಇರಲಿಲ್ಲ, ಶಿವನೂ ಇರಲಿಲ್ಲ. ತೆಂಗಿನಮರದುದ್ದದ ಒಂದು ಕಬ್ಬಿಣದ ಆಳು ಊರೂರನ್ನೇ ತುಳಿದುಕೊಂಡು ನಡೆಯುತ್ತಿತ್ತು. ಜೊತೆಗಿದ್ದ ಚೀಟಿಯಲ್ಲಿ ಬೆಂಗಳೂರಿನ ಹಂಚಿಕೆದಾರ ಬರೆದಿದ್ದ: ಮದ್ರಾಸಿನವರೊಬ್ಬರು ತೆಲುಗಿಗೆ ಡಬ್ ಮಾಡಿಸಲೆಂದು ತರಿಸಿ, ಆಗದೆ ಕೈಬಿಟ್ಟ ಮಾಲು. ಫೈಟಿಂಗು ಧಾರಾಳವಾಗಿದೆ, ಭಾಷೆ ಬೇಕಾಗುವುದಿಲ್ಲ. ದೇವರ ಪಿಕ್ಚರು ಬಿಡುವಾದ ಕೂಡಲೇ ಕಳಿಸುತ್ತೇವೆ, ಅಲ್ಲಿಯವರೆಗೆ ಇದನ್ನು ನಡೆಸಿ.

ಭಾಷೆ ಬೇಕಾಯಿತು. ಮೊದಲ ದಿನ ಜನ ಕಬ್ಬಿಣದ ಆಳನ್ನು ನೋಡಿ ಬೆರಗಾಗಿ ಕೂತಿದ್ದರು. ಆದರೆ ಆ ಆಳು ಬರುತ್ತಿದ್ದದ್ದು ಇಡೀ ಪಿಕ್ಚರಿಗೆ ಮೂರೇ ಸಲ. ಉಳಿದ ಹೊತ್ತೆಲ್ಲ ಜನ ಕುಳಿತು ಮಾತಾಡುತ್ತಿದ್ದರು, ಅದೂ ಜಪಾನಿಯಲ್ಲಿ. ಎರಡನೆಯ ದಿನ ಗಂಡಸರ ಕಡೆಯಿಂದ, "ಲೇ, ಏನಂತಾರ್ಲಾ ಅವ್ರು?" ಎಂಬ ಕೂಗು ಎದ್ದಿತು. ಮೂರನೆಯ ದಿನ ಕೂಗುವುದಕ್ಕೂ ಜನ ಇರಲಿಲ್ಲ. ಮಾರನೆಯ ಬೆಳಿಗ್ಗೆ ಶಫೀವುಲ್ಲಾ ಸೈಕಲ್ ಹತ್ತಿ ಸಣ್ಣರಂಗಯ್ಯನ ಊರಿಗೆ ಹೋದ.

ಸಣ್ಣರಂಗಯ್ಯ ಮೂಡಲಪಾಯ ಯಕ್ಷಗಾನದ ಭಾಗವತ. ಮಧುಗಿರಿ, ಕೊರಟಗೆರೆ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ತಾಳ ಹಿಡಿದು, ವೇಷಗಳ ಹಿಂದೆ ನಿಂತು ಕತೆ ನಡೆಸಿದವನು. ಗಂಟಲು ಹೇಗಿತ್ತೆಂದರೆ, ಊರ ಮುಂದೆ ಪದ ಎತ್ತಿದರೆ ಕುರಿ ಹಟ್ಟಿಯಲ್ಲಿದ್ದ ಅವನ ಅಣ್ಣನಿಗೆ ಈಗ ಯಾವ ರಾಜನ ಒಡ್ಡೋಲಗ ಎಂದು ಗೊತ್ತಾಗುತ್ತಿತ್ತು. ವೇಷಧಾರಿ ಮಾತು ಮರೆತರೆ ಮಾತು ಕಟ್ಟಿ ಕೊಡುತ್ತಿದ್ದ, ಕುಡಿದು ಬಾರದೇ ಹೋದರೆ ಆ ಪಾತ್ರವನ್ನೇ ಕತೆಯಿಂದ ಕಾಡಿಗೆ ಅಟ್ಟುತ್ತಿದ್ದ. ಸಭೆಯ ಮುಂದೆ ನಿಂತು 'ಗೊತ್ತಿಲ್ಲ' ಎಂದು ಅವನು ಯಾವತ್ತೂ ಅಂದವನಲ್ಲ. ಅದು ಅವನ ಹೆಮ್ಮೆ. ಈಚೆಗೆ ಕರೆಯುವವರು ಕಡಿಮೆಯಾಗಿದ್ದರು, ಹೆಮ್ಮೆ ಹಾಗೇ ಇತ್ತು.

"ಭಾಗವತ್ರೇ, ನೀವು ಮೈಕ್ ಹಿಡ್ಕಂಡು ಪಿಕ್ಚರ್ ಕತೆ ಹೇಳ್ಬೇಕು," ಎಂದ ಶಫೀವುಲ್ಲಾ. "ಇಲ್ದಿದ್ರೆ ನನ್ನ ಡೇರೆ ಬರ್ಬಾದ್."

"ಯಾವ ಭಾಷೆ?"

"ಜಪಾನಿ."

"ನಂಗೆ ಬರಲ್ವಲ್ಲಪ್ಪ."

"ಪಬ್ಲಿಕ್‌ಗೆ ಬರ್ತದಾ?" ಎಂದ ಶಫೀವುಲ್ಲಾ.

ಒಳಗಿದ್ದ ಹೊನ್ನಕ್ಕ ನಕ್ಕಳು. ಗಂಡನ ಮುಖ ನೋಡಿದರೆ ಸಾಕು, ಅವನು ಆಗಲೇ ಒಪ್ಪಿಯಾಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

ಆ ಮಧ್ಯಾಹ್ನ ಡೇರೆಯ ಪಕ್ಕಗಳಿಗೆ ಟಾರ್ಪಾಲು ಇಳಿಬಿಟ್ಟು, ಆಪರೇಟರ್ ಕರೀಮ್ ಸಾಬ್ ಇಡೀ ಪಿಕ್ಚರನ್ನು ಸಣ್ಣರಂಗಯ್ಯನೊಬ್ಬನಿಗಾಗಿ ಓಡಿಸಿದ. ಬಿಳಿ ಕೂದಲಿನ ಒಬ್ಬ ಮುದುಕ. ಅವನಿಗೊಬ್ಬಳು ಮಗಳು, ಹದಿನೆಂಟು ಇರಬಹುದು, ಕತ್ತಿನವರೆಗೆ ಕತ್ತರಿಸಿದ ಕೂದಲು, ರೆಪ್ಪೆ ಮಿಟುಕಿಸದ ದೊಡ್ಡ ಕಣ್ಣು. ಕೆಂಪು ಉಡುಪಿನ ಒಬ್ಬ ತರುಣ. ಅರ್ಧ ಮುಖಕ್ಕೆ ತಗಡು ಹೊಡೆದುಕೊಂಡ ಒಬ್ಬ ಕೇಡಿ, ಆಕಾಶದಲ್ಲಿ ತೇಲುವ ಅವನ ಕೋಟೆ. ಮುದುಕ ಮಗಳ ಮುಂದೆ ದಿನವೂ ಅನ್ನದ ಬಟ್ಟಲು ಇಡುತ್ತಾನೆ, ಅವಳು ಮುಟ್ಟುವುದಿಲ್ಲ. ಕೊನೆಗೆ ಅವಳು ಕಬ್ಬಿಣದ ಆಳಿನ ಎದೆಯಲ್ಲಿದ್ದ ಬಾಗಿಲು ತೆರೆದು ಒಳಗೆ ಕೂರುತ್ತಾಳೆ. ಆಳು ಆಕಾಶಕ್ಕೆ ನೆಗೆದು, ಕೋಟೆಗೆ ಡಿಕ್ಕಿ ಹೊಡೆದು, ಎಲ್ಲ ಸೇರಿ ಬೆಂಕಿ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆಮೇಲೆ ಮುದುಕ ಮನೆಗೆ ಬರುತ್ತಾನೆ. ಗೋಡೆಯಲ್ಲಿದ್ದ ಬೀರುವೊಂದನ್ನು ತೆರೆಯುತ್ತಾನೆ. ಒಳಗೆ ಅದೇ ಹುಡುಗಿ, ಕಣ್ಣು ಮುಚ್ಚಿಕೊಂಡು ನಿಂತಿದ್ದಾಳೆ. ಮುದುಕ ನೋಡುತ್ತಾನೆ. ಬಾಗಿಲು ಮುಚ್ಚುತ್ತಾನೆ. ಪಿಕ್ಚರು ಮುಗಿಯುತ್ತದೆ.

"ಇದೇನು ಸಾಬ್ರೇ ಇದು?" ಎಂದು ಸಣ್ಣರಂಗಯ್ಯ ಕೇಳಿದ.

"ನಂಗೆ ಲೆನ್ಸು ಗೊತ್ತು, ರೀಲು ಗೊತ್ತು," ಎಂದ ಕರೀಮ್ ಸಾಬ್. "ಈ ಪೋಸ್ಟರ್ ನೋಡಿ ಮೊದ್ಲು. ಪಿಕ್ಚರ್‌ನಾಗೆ ನಿಜವಾದ ಹುಡ್ಗಿ. ಇದ್ರಾಗೆ ಮಕ್ಳ ಪುಸ್ತಕದ ಬೊಂಬೆ ಹಂಗೆ ಬರ್ದವ್ರೆ. ಇವ್ರಲ್ಲಿ ಯಾರು ಅಸ್ಲಿ, ಯಾರು ನಕ್ಲಿ, ಖುದಾಗೇ ಗೊತ್ತು."

ಪೋಸ್ಟರಿನಲ್ಲಿದ್ದ ಹುಡುಗಿಯ ಕಣ್ಣು ಮುಖದ ಅರ್ಧದಷ್ಟಿತ್ತು. ಆದರೂ ಅದು ಅವಳೇ.

ಆ ಸಂಜೆ ಸಣ್ಣರಂಗಯ್ಯ ಪರದೆಯ ಪಕ್ಕ ಮೈಕು ಹಿಡಿದು ನಿಂತ. ಬಿಳಿ ಕೂದಲಿನವನು ಧವಳರಾಯನೆಂಬ ಮಹಾರಾಜನಾದ. ಹುಡುಗಿ ಹೇಮಾವತಿಯಾದಳು. ಕೆಂಪು ಉಡುಪಿನವನು ದಂಡನಾಯಕ, ಕಬ್ಬಿಣದ ಆಳು ರಾಜ ತಪಸ್ಸು ಮಾಡಿ ಪಡೆದ ಭೂತ. ಅರೆಮೋರೆಯ ರಾಕ್ಷಸ ಹೇಮಾವತಿಯನ್ನು ಕೇಳಿ ಓಲೆ ಕಳಿಸಿದ್ದಾನೆ. 'ಇವನ ತಲೆ ಉರುಳುವ ತನಕ ಅನ್ನ ಮುಟ್ಟೆನು' ಎಂದು ಅವಳು ಪಣ ತೊಟ್ಟಿದ್ದಾಳೆ. ಬಟ್ಟಲಿನ ದೃಶ್ಯ ಬಂದಾಗ ಸಣ್ಣರಂಗಯ್ಯ ಒಂದು ಪದವನ್ನೇ ಕಟ್ಟಿ ಹಾಡಿದ. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿಸಿತು. ಕೊನೆಯ ಬೀರುವಿಗೆ, 'ಇವಳೇ ಹೇಮಾವತಿಯ ಅವಳಿ ತಂಗಿ' ಎಂದು ಹೇಳಿ ಮಂಗಳ ಹಾಡಿಬಿಟ್ಟ.

ಒಂದೇ ವಾರದಲ್ಲಿ ಮಧುಗಿರಿಯಿಂದ, ಕೊರಟಗೆರೆ ಕಡೆಯಿಂದ ಗಾಡಿ ಕಟ್ಟಿಕೊಂಡು ಜನ ಬರತೊಡಗಿದರು. ಹೂವು ಮಾರುತ್ತಿದ್ದ ಭೀಮಕ್ಕ ಐದು ಸಲ ನೋಡಿದಳು. ಐದನೆಯ ಸಲ ಆಟ ಮುಗಿದ ಮೇಲೆ ಭಾಗವತನನ್ನು ಅಡ್ಡಗಟ್ಟಿ, "ಅಲ್ಲಾ ಬಾಗೋತಣ್ಣ, ಅವಳಿ ಮಗಳು ಅಂದ್ಮೇಲೆ ಬೀರುವಿನಾಗ್ಯಾಕೆ ಮಡಗಿದ್ದ? ಉಸುರು ಕಟ್ಟಲ್ವಾ?" ಎಂದು ಕೇಳಿದಳು.

ಮಾರನೆಯ ದಿನದಿಂದ ಬೀರುವಿನೊಳಗೆ ಇದ್ದದ್ದು ಹೇಮಾವತಿಯೇ ಆದಳು. ಮಗಳ ತ್ಯಾಗಕ್ಕೆ ಮೆಚ್ಚಿ ದೇವರು ಅವಳನ್ನು ಬೂದಿಯಿಂದ ಎಬ್ಬಿಸಿ ತಂದೆಯ ಮನೆಗೇ ತಂದು ನಿಲ್ಲಿಸಿದ್ದ. ಭೀಮಕ್ಕನಿಗೆ ಅದು ಒಪ್ಪಿಗೆಯಾಯಿತು. ಎಲ್ಲರಿಗೂ ಒಪ್ಪಿಗೆಯಾಯಿತು, ಸಣ್ಣರಂಗಯ್ಯನೊಬ್ಬನನ್ನು ಬಿಟ್ಟು. ಸತ್ತ ಮಗಳು ಎದ್ದು ಬಂದು ನಿಂತಿದ್ದರೆ ಯಾವ ಅಪ್ಪ ಬಾಗಿಲು ಮುಚ್ಚುತ್ತಾನೆ? ಅಪ್ಪಿಕೊಳ್ಳಬೇಕು, ಅಳಬೇಕು, ಕೊನೆಗೆ ಒಂದು ಚೊಂಬು ನೀರಾದರೂ ಕೊಡಬೇಕು. ಈ ಮುದುಕ ಅಟ್ಟದ ಮೇಲಿನ ಸಾಮಾನು ನೋಡಿದ ಹಾಗೆ ನೋಡಿ ಮುಚ್ಚುತ್ತಿದ್ದ. ಮೂವತ್ತು ವರ್ಷದಲ್ಲಿ ಸಣ್ಣರಂಗಯ್ಯ ನೂರಾರು ಕತೆಗಳನ್ನು ತನಗೆ ಬೇಕಾದ ಹಾಗೆ ತಿರುಗಿಸಿದ್ದ, ಒಂದೂ ಅವನಿಗೆ ತಿರುಗಿ ಮಾತಾಡಿರಲಿಲ್ಲ. ಇದು ದಿನಾ ಕೊನೆಗೆ ಬಂದು ಅವನ ಮುಖದ ಮೇಲೇ ಬಾಗಿಲು ಹಾಕುತ್ತಿತ್ತು.

"ಅದ್ಯಾಕೆ ಊಟ ಬಿಟ್ಟು ಕುಂತಿದ್ದೀಯಾ?" ಎಂದು ಹೊನ್ನಕ್ಕ ಗದರಿದಳು. "ನೀನೇ ಕಟ್ಟಿದ ಕತೆ, ನಿಂಗೇ ಅರ್ಥ ಆಗಕಿಲ್ವಾ?"

"ನಾನು ಕಟ್ಟಿದ್ದು ಗೊತ್ತು ಕಣಮ್ಮಿ. ಅವ್ರು ಕಟ್ಟಿದ್ದು ಏನು ಅಂತ."

ಮಾರ್ಚ್ ಮೊದಲ ವಾರ ಜಪಾನೇ ಬಡವನಹಳ್ಳಿಗೆ ಬಂತು. ಅಲ್ಲಿಯ ದೊಡ್ಡ ಕುಳ ಮೂಡಲಗಿರಿಯಪ್ಪ ಹೊಸದಾಗಿ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕಲು ಶುರುಮಾಡಿದ್ದ. ಹುಳು ನೋಡಿ ಬುದ್ಧಿ ಹೇಳಲು ಜಪಾನಿನಿಂದ ಒಬ್ಬ ತಜ್ಞರು ಬಂದು ಅವನ ತೋಟದ ಮನೆಯಲ್ಲಿ ನಾಲ್ಕು ದಿನ ಇಳಿದುಕೊಂಡರು. ಹೆಸರು ಒಕುನೊ. ಎರಡನೆಯ ದಿನಕ್ಕೆ ಊರಿನವರ ಬಾಯಲ್ಲಿ ಒಕ್ಕಣೆ ಸಾಹೇಬರಾದರು. ಅವರಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅದನ್ನು ಕನ್ನಡಕ್ಕೆ ತರಲು ಮೂಡಲಗಿರಿಯಪ್ಪ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಮಲ್ಲಿಕಾರ್ಜುನಯ್ಯನವರನ್ನು ಗೊತ್ತುಮಾಡಿದ್ದ.

ಬಸ್ ನಿಲ್ದಾಣದ ಗೋಡೆಯ ಮೇಲಿದ್ದ ಪೋಸ್ಟರನ್ನು ಕಂಡು ಒಕ್ಕಣೆ ಸಾಹೇಬರು ನಡುರಸ್ತೆಯಲ್ಲೇ ನಿಂತುಬಿಟ್ಟರಂತೆ. ಹತ್ತಿರ ಹೋಗಿ, ಕನ್ನಡಕ ತೆಗೆದು, ಆ ಹುಡುಗಿಯ ಕಣ್ಣಿಗೆ ಅಂಟಿದ್ದ ಧೂಳು ಒರೆಸಿದರಂತೆ. ಮೇಷ್ಟ್ರು ಕೇಳಿ ತಿಳಿದದ್ದು ಇಷ್ಟು: ಇದು ಮೊದಲು ಪಿಕ್ಚರೇ ಅಲ್ಲ. ಅವರ ದೇಶದ ಟೀವಿಯಲ್ಲಿ ವಾರವಾರ ಬರುತ್ತಿದ್ದ ಬರೆದ ಬೊಂಬೆಗಳ ಕತೆ. ಸಾಹೇಬರ ಮಗಳು ಒಂದು ವಾರವೂ ಬಿಡದೆ ನೋಡುತ್ತಿದ್ದಳು, ಅವಳ ಪಕ್ಕದಲ್ಲಿ ಕೂತು ಅವರೂ ನೋಡಿದ್ದರು. ಆಮೇಲೆ ಯಾರೋ ಅದೇ ಕತೆಗೆ ಮನುಷ್ಯರಿಂದ ವೇಷ ಹಾಕಿಸಿ ಪಿಕ್ಚರು ತೆಗೆದರು. ಅದನ್ನು ಅವರು ನೋಡಿರಲಿಲ್ಲ.

ಸಣ್ಣರಂಗಯ್ಯನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಪಾವಗಡದ ಕಡೆಯ ತೊಗಲುಬೊಂಬೆಯವರು ಚರ್ಮದಲ್ಲಿ ಕುಣಿಸುವ ರಾವಣನೇ ಮೂಡಲಪಾಯದಲ್ಲಿ ಕಾಲು ಬಂದು ಕುಣಿಯುತ್ತಾನೆ. ಆದರೆ ಅದೇ ಸಂಜೆ ಮೂಡಲಗಿರಿಯಪ್ಪ, "ಇವತ್ತು ಸಾಹೇಬ್ರೇ ಅರ್ಥ ಹೇಳ್ತಾರೆ, ನೀನು ಸುಮ್ಕೆ ಕುಂತ್ಕ ಕಣ್ಲಾ ಸಣ್ರಂಗ" ಎಂದಾಗ ಅವನಿಗೆ ಹೆದರಿಕೆಯಾಯಿತು. ಇಷ್ಟು ದಿನ ಹಾಡಿದ ಸುಳ್ಳೆಲ್ಲ ಸಾವಿರ ಜನರ ಮುಂದೆ ಬಯಲಾಗುತ್ತದೆ. ಅದರ ಹಿಂದೆಯೇ, ಹೆದರಿಕೆಗಿಂತ ಜೋರಾಗಿ, ಇನ್ನೊಂದು ಎದ್ದಿತು: ಬೀರುವಿನಲ್ಲಿರುವುದು ಯಾರು ಎಂದು ಇವತ್ತು ಗೊತ್ತಾಗುತ್ತದೆ.

ಡೇರೆ ಕಿಕ್ಕಿರಿದಿತ್ತು. ಪರದೆಯ ಪಕ್ಕ ಎರಡು ಕುರ್ಚಿ. ಸಾಹೇಬರು ಮೇಷ್ಟ್ರ ಕಿವಿಗೆ, ಮೇಷ್ಟ್ರು ಮೈಕಿಗೆ. ಸಣ್ಣರಂಗಯ್ಯ ಕುರ್ಚಿಯ ಬುಡದಲ್ಲಿ ಮರಳಿನ ಮೇಲೆ ಕೂತ. ಮೊದಲ ರೀಲು ಸರಾಗವಾಗಿ ಹೋಯಿತು. "ಇವರು ವಿಜ್ಞಾನಿಗಳು. ಬಹಳ ತಿಳಿದವರು," ಎಂದರು ಮೇಷ್ಟ್ರು. ಧವಳರಾಯನಿಗೆ ರಾಜ್ಯ ಹೋದದ್ದನ್ನು ಜನ ಹೇಗೋ ಸಹಿಸಿಕೊಂಡರು. ಹುಡುಗಿ ಬಂದಳು. ಸಾಹೇಬರು ಏನೋ ಹೇಳಿದರು. ಮೇಷ್ಟ್ರು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡು, ಪಾಠದ ದನಿಯಲ್ಲಿ, "ಈಕೆ ಮನುಷ್ಯಳಲ್ಲ," ಎಂದರು.

ಕತ್ತಲಲ್ಲಿ ಭೀಮಕ್ಕನ ದನಿ ಎದ್ದಿತು. "ಏನಂದ್ರಿ ಮೇಷ್ಟ್ರೇ? ಇನ್ನೊಂದ್ಕಿತ ಅನ್ನಿ ಮತ್ತೆ!"

"ಹೇಮಾವತೀನ ಮನುಷ್ಯಳಲ್ಲ ಅಂತಾನಲ್ಲೋ ಯಪ್ಪ!"

"ರಿಟೈರಾದ್ಮೇಲೆ ಮೇಷ್ಟ್ರಿಗೆ ಇಂಗ್ಲೀಷು ಮರ್ತೋಗೈತೆ ಕಣ್ಲಾ!"

ಒಂದು ಚಪ್ಪಲಿ ಪರದೆಗೆ ಬಿತ್ತು. ಸಾಹೇಬರು ತಮ್ಮಷ್ಟಕ್ಕೆ ತಾವು ಇನ್ನೊಂದು ವಾಕ್ಯ ಹೇಳಿದರು. ಮೇಷ್ಟ್ರು ಕೆಮ್ಮಿದರು, ಮೈಕನ್ನು ಸರಿಮಾಡಿಕೊಂಡರು.

"ಪೂರ್ತಿ ಕೇಳಿ. ಈಕೆ ಮನುಷ್ಯಳಲ್ಲ... ಸಾಕ್ಷಾತ್ ದೇವತೆ ಅಂತಾರೆ ಸಾಹೇಬರು."

ಡೇರೆ ಹಾರಿಹೋಗುವಂತೆ ಚಪ್ಪಾಳೆ ಬಿತ್ತು.

ಅಲ್ಲಿಂದ ಮುಂದೆ ಮೇಷ್ಟ್ರು ತಡವರಿಸಲಿಲ್ಲ. ವಿಜ್ಞಾನಿಯನ್ನು ಸದ್ದಿಲ್ಲದೆ ಸಿಂಹಾಸನಕ್ಕೆ ಏರಿಸಿದರು. ಸಾಹೇಬರ ಪ್ರಕಾರವೂ ಅರೆಮೋರೆಯವನು ಓಲೆ ಕಳಿಸಿದ್ದ, ಹುಡುಗಿ ಪಣ ತೊಟ್ಟಿದ್ದಳು. 'ಹೇಮಾವತಿ' ಎಂಬ ಹೆಸರು ಮೇಷ್ಟ್ರ ಬಾಯಿಂದ ಬಂದಾಗ ಸಣ್ಣರಂಗಯ್ಯ ಬೆಚ್ಚಿ ತಲೆಯೆತ್ತಿದ. ಅದು ಅವನ ಸೋದರತ್ತೆಯ ಹೆಸರು. ಒಂದು ಸಂಜೆ ಬೇರೇನೂ ಹೊಳೆಯದೆ ಅವನು ಇಟ್ಟದ್ದು. ಜಪಾನಿನ ಬಾಯಿಗೆ ಅದು ಹೇಗೆ ಬಂತು?

ಕೊನೆಗೆ ಬೀರು ಬಂತು. ಮುದುಕ ತೆರೆದ. ಒಕ್ಕಣೆ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. ಪರದೆಗೆ ಬೆರಳು ತೋರಿಸುತ್ತ, ತಲೆ ಅಲ್ಲಾಡಿಸುತ್ತ, ಕೋಪದಿಂದ ಕೆಂಪಾಗಿ, ಇಂಗ್ಲಿಷ್ ಜಪಾನಿ ಬೆರೆಸಿ ಒಂದು ನಿಮಿಷ ಮಾತಾಡಿದರು. ಸಣ್ಣರಂಗಯ್ಯ ಮಂಡಿಯೂರಿ ಎದ್ದು ಮೇಷ್ಟ್ರ ಕಡೆ ತಿರುಗಿದ.

"ದೇವರು ದೊಡ್ಡವನು ಅಂತಾರೆ," ಎಂದರು ಮೇಷ್ಟ್ರು.

ಜನ ಭಾಗವತನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಭಾಷೆಯೇ ಬಾರದವನು ಅಕ್ಷರ ತಪ್ಪದೆ ಹೇಳಿದ್ದನೆಂದರೆ ನಾಲಗೆಯ ಮೇಲೆ ಸರಸ್ವತಿ ಇರಬೇಕೆಂದು ಮೂಡಲಗಿರಿಯಪ್ಪ ಹಾರ ಹಾಕಿದ. ಅಷ್ಟು ಎತ್ತರದಿಂದ ಸಣ್ಣರಂಗಯ್ಯನಿಗೆ, ಕೊಡೆ ಹಿಡಿದುಕೊಂಡು ಹಿಂಬದಿಯಿಂದ ಜಾರುತ್ತಿದ್ದ ಮೇಷ್ಟ್ರು ಕಾಣಿಸಿದರು. ಕೊಸರಿಕೊಂಡು ಇಳಿದು ಓಡಿದ.

"ಮೇಷ್ಟ್ರೇ, ಸಾಹೇಬ್ರು ನಿಜವಾಗ್ಲೂ ಏನಂದ್ರು?"

"ಹೇಳಿದೆನಲ್ಲ."

"ಹೇಮಾವತಿ ಅನ್ನೋ ಹೆಸ್ರು ನಾನು ಇಟ್ಟಿದ್ದು ಮೇಷ್ಟ್ರೇ."

ಮಲ್ಲಿಕಾರ್ಜುನಯ್ಯನವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ನಲವತ್ತು ವರ್ಷ ಇವರ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದೀನಿ ಕಣಯ್ಯ. ನಂಗೆ ಇಂಗ್ಲಿಷ್ ಬರಲ್ಲ ಅಂದರು, ಕೇಳಿಸ್ಕೊಂಡೆಯಾ? ನೀನು ಇಷ್ಟು ದಿನ ಮಾಡಿದ್ದನ್ನೇ ನಾನೂ ಒಂದು ದಿನ ಮಾಡಿದೆ. ನಿಂಗಾದರೆ ಹಾರ," ಎಂದು ಹೊರಟುಹೋದರು.

ಹೊತ್ತು ಮೂಡುವ ಮುಂಚೆ ಸಣ್ಣರಂಗಯ್ಯ ತೋಟದ ಮನೆಯಲ್ಲಿದ್ದ. ಒಕ್ಕಣೆ ಸಾಹೇಬರು ಹುಳುಮನೆಯಲ್ಲಿ ಬಿದಿರಿನ ತಟ್ಟೆಗಳ ನಡುವೆ ಬಗ್ಗಿ ನಿಂತಿದ್ದರು. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ತುಂತುರು ಮಳೆಯ ಹಾಗಿತ್ತು. ಸಣ್ಣರಂಗಯ್ಯ ಮಡಿಸಿ ತಂದಿದ್ದ ಪೋಸ್ಟರನ್ನು ಬಿಚ್ಚಿ, ಹುಡುಗಿಯ ಮೇಲೆ ಬೆರಳಿಟ್ಟು, ಅಂಗೈ ಮೇಲೆತ್ತಿ ಯಾರು ಎಂಬಂತೆ ಅಲ್ಲಾಡಿಸಿದ. ಮೂವತ್ತು ವರ್ಷ ವೇಷದವರಿಗೆ ಕಲಿಸಿದ್ದ ಅಭಿನಯ ಅದು.

ಸಾಹೇಬರಿಗೆ ಅರ್ಥವಾಯಿತು. ತಟ್ಟೆಗೆ ಹಾಸುವ ಕಾಗದವೊಂದನ್ನು ಎಳೆದುಕೊಂಡು, ಜೇಬಿನ ಪೆನ್ನಿನಿಂದ ನಾಲ್ಕೇ ಗೆರೆಯಲ್ಲಿ ಹುಡುಗಿಯ ಮುಖ ಬರೆದರು. ಮಗಳಿಗಾಗಿ ಎಷ್ಟೋ ಸಲ ಬರೆದು ಪಳಗಿದ ಕೈ. ಮುಖದ ಕೆಳಗೆ ಎದೆ ಬರೆದು, ಅದರಲ್ಲೊಂದು ಬಾಗಿಲು ಬರೆದು, ಒಳಗೆ ಗಡಿಯಾರದ ಹಾಗೆ ಹಲ್ಲಿನ ಚಕ್ರಗಳನ್ನು ಬರೆದರು. ಪಕ್ಕದಲ್ಲಿ ಒಂದು ಸಮಾಧಿ. ಸಮಾಧಿಯ ಮೇಲೂ ಅದೇ ಮುಖ, ಪುಟ್ಟದಾಗಿ. ಆಚೆ ಬದಿಗೆ ಮುದುಕನನ್ನು ಬರೆದು, ಅವನಿಂದ ಚಕ್ರದ ಹುಡುಗಿಗೆ ಒಂದು ಬಾಣದ ಗೆರೆ ಎಳೆದರು.

ಸಣ್ಣರಂಗಯ್ಯನಿಗೆ ತಿಳಿಯಿತು. ಮಗಳು ಎಂದೋ ಸತ್ತಿದ್ದಾಳೆ. ಮುದುಕ ಅವಳಂಥದೇ ಇನ್ನೊಂದನ್ನು ಮಾಡಿ, ಅದಕ್ಕೂ ದಿನಾ ಅನ್ನ ಬಡಿಸಿದ್ದಾನೆ. ಪಣವೂ ಇಲ್ಲ, ಓಲೆಯೂ ಇಲ್ಲ.

ಪೆನ್ನು ತೆಗೆದುಕೊಂಡು ಅವನು ಮೂಲೆಯಲ್ಲಿ ಒಂದು ಬೀರು ಬರೆದ, ಒಳಗೊಂದು ಹುಡುಗಿಯಂಥದ್ದನ್ನು ನಿಲ್ಲಿಸಿದ. ಸಾಹೇಬರ ಮುಖ ಮತ್ತೆ ಕೆಂಪಾಯಿತು. ಪೆನ್ನು ಕಿತ್ತುಕೊಂಡು ಬೀರುವಿನ ಮೇಲೆ ಎರಡು ಸಲ ಅಡ್ಡಗೀಟು ಎಳೆದರು. "ನೋ, ನೋ," ಎಂದರು. ಪೋಸ್ಟರಿನ ಬರೆದ ಹುಡುಗಿಯನ್ನು ಮುಟ್ಟಿ ತಲೆಯಾಡಿಸಿದರು, ಡೇರೆ ಇದ್ದ ಕಡೆಗೆ ಕೈ ತೋರಿಸಿ ಉಗಿದಂತೆ ಮಾಡಿದರು. ಬೊಂಬೆಯ ಕತೆಯಲ್ಲಿ ಬೀರು ಇರಲಿಲ್ಲ. ಇನ್ನೊಬ್ಬಳನ್ನು ಮಾಡಿಟ್ಟದ್ದು ಪಿಕ್ಚರಿನವರು. ಒಂದು ಹೋದರೆ ಇನ್ನೊಂದು, ಅಷ್ಟೇ. ಸಾಹೇಬರು ಅಡ್ಡಗೀಟಿನ ಪಕ್ಕದಲ್ಲಿ ತಮ್ಮ ಕೊನೆಯನ್ನು ಬರೆದರು: ಒಂದು ಮೇಜು, ಬಟ್ಟಲು, ಬಟ್ಟಲಿನಿಂದ ಏಳುವ ಹಬೆ, ಎದುರಿಗೆ ಖಾಲಿ ಕುರ್ಚಿ. ಕಾಗದವನ್ನು ಭಾಗವತನ ಕೈಗೆ ಕೊಟ್ಟು, ಹುಳುಗಳ ಕಡೆ ತಿರುಗಿದರು. ಅವತ್ತು ಮಧ್ಯಾಹ್ನವೇ ಜೀಪು ಬಂದು ಅವರನ್ನು ಕರೆದೊಯ್ದಿತು.

ಆ ಸಂಜೆ ಸಣ್ಣರಂಗಯ್ಯ ಮೈಕು ಹಿಡಿದು, "ಸಭಾಜನರೇ, ಇವಳು ಹೇಮಾವತಿ ಅಲ್ಲ, ಮಿಷಿನ್ನು," ಎಂದ. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

"ಲೇ ಬಾಗೋತ! ನೆನ್ನೆ ಜಪಾನ್‌ನೋರೇ ಬಂದು ಹೇಳೋಗವ್ರೆ, ನೀನ್ಯಾವನ್ಲಾ ಇಲ್ಲ ಅನ್ನಕೆ?"

ಶಫೀವುಲ್ಲಾ ಓಡಿಬಂದು ಮೈಕು ಕಿತ್ತುಕೊಂಡ. "ಕ್ಯಾ ಭಾಗವತ್ರೇ, ತಲೆ ಕೆಟ್ಟಿದೆಯಾ? ನಿಮ್ಮ ಸುಳ್ಳಿಗೆ ಜಪಾನ್ ಸರ್ಕಾರದ ಮೊಹರು ಬಿದ್ದಾಯ್ತು. ಇನ್ನು ಅದು ನಿಮ್ದಲ್ಲ, ಪಬ್ಲಿಕ್‌ದು."

ಡೇರೆ ಬಿಚ್ಚುವವರೆಗೆ ಇನ್ನೂ ಎರಡು ವಾರ ಸಣ್ಣರಂಗಯ್ಯ ಹೇಮಾವತಿಯನ್ನು ಹಾಡಿದ. ಪದಗಳು ಮೊದಲಿಗಿಂತ ಚೆನ್ನಾಗಿವೆ ಎಂದು ಜನ ಹೇಳಿದರು.

ಮಾರ್ಚ್ ಕೊನೆಗೆ ಡೇರೆ ಪಾವಗಡ ತಾಲ್ಲೂಕಿಗೆ, ನಿಡುಗಲ್ ಬೆಟ್ಟದ ಬುಡದ ಹಳ್ಳಿಯೊಂದಕ್ಕೆ ಹೋಯಿತು. ದೇವರ ಪಿಕ್ಚರು ಇನ್ನೂ ಬಂದಿರಲಿಲ್ಲ. ಹೊಸ ಊರು, ಹೊಸ ಜನ, ಅರ್ಧ ತೆಲುಗು. ಇಲ್ಲಿ ನಿಜವನ್ನೇ ಹೇಳುತ್ತೇನೆ ಎಂದು ಸಣ್ಣರಂಗಯ್ಯ ಪಟ್ಟು ಹಿಡಿದ. ಕರೀಮ್ ಸಾಬನನ್ನೂ ಒಪ್ಪಿಸಿದ: ಬೀರು ಬರುವ ಹೊತ್ತಿಗೆ ಲೆನ್ಸಿಗೆ ಅಂಗೈ ಅಡ್ಡ ಹಿಡಿಯಬೇಕು. ಪರದೆ ಕತ್ತಲಾದ ಮೇಲೆ ತಾನು ಖಾಲಿ ಕುರ್ಚಿಯ ಕತೆ ಹೇಳಿ ಮುಗಿಸುವುದು.

ಜನ ನಿಜವನ್ನು ನಂಬಿದರು. ಅದೇ ಮೊದಲ ಪೆಟ್ಟು. 'ಇವಳು ಸತ್ತ ಮಗಳ ರೂಪದಲ್ಲಿ ಅಪ್ಪ ಮಾಡಿದ ಯಂತ್ರ' ಎಂದು ಅವನು ಗಂಟಲು ತುಂಬಿ ಹೇಳಿದಾಗ ಹೆಂಗಸರ ಕಡೆಯಿಂದ ಒಬ್ಬಳು, "ಅನ್ನ ಕೇಳಲ್ಲ, ನಿದ್ದೆ ಬೇಡ, ಎದುರು ಮಾತಿಲ್ಲ. ಇಂಥ ಕೋಡಲು, ಇಂಥ ಸೊಸೆ ನಂಗೊಂದು ಮಾಡಿಸ್ಕೊಡಯ್ಯೋ!" ಎಂದು ಕೂಗಿದಳು. ಇಡೀ ಡೇರೆ ಬಿದ್ದು ಬಿದ್ದು ನಕ್ಕಿತು. ಸೊಸೆಯಂದಿರು ಅತ್ತೆಯಂದಿರಿಗಿಂತ ಜೋರಾಗಿ ನಕ್ಕರು. "ಮಿಷಿನ್ ಅತ್ತೆ ಸಿಕ್ತಾಳಾ ಕೇಳು, ಸ್ವಿಚ್ಚು ಆರ್ಸಿ ಕುಂಡ್ರಿಸ್ಬೋದು!" ಬಟ್ಟಲಿನ ದೃಶ್ಯಕ್ಕೆ ಸೀಟಿ ಬಿತ್ತು. ಕೊನೆಗೆ ಪರದೆ ಕತ್ತಲಾಯಿತು. ಸಣ್ಣರಂಗಯ್ಯ ಖಾಲಿ ಕುರ್ಚಿಯ ಪದ ಎತ್ತಿದ.

"ಏಯ್, ಬೀರು ಎಕ್ಕಡಯ್ಯಾ?" ಎಂದು ಯಾರೋ ಎದ್ದು ನಿಂತ. "ನಮ್ಮ ಬೀಗರು ಬಡವನಹಳ್ಳೀಲಿ ನೋಡವ್ರೆ. ಬೀರುವಿನಾಗೆ ಇನ್ನೊಂದು ಪಿಲ್ಲ ಬತ್ತದಂತೆ!"

"ಬೀರು ತೋರ್ಸು! ಬೀರು! ಬೀರು!"

ಡೇರೆಯ ಗೂಟ ಅಲುಗಾಡತೊಡಗಿದಾಗ ಕರೀಮ್ ಸಾಬ್ ರೀಲು ಹಿಂದಕ್ಕೆ ಸುತ್ತಿ ಬೀರು ತೋರಿಸಿದ. ಜನ ಕೇಕೆ ಹಾಕಿ ಮತ್ತೆ ಕೇಳಿದರು. ಮೂರು ಸಲ ತೋರಿಸಿದ ಮೇಲೆ ಎದ್ದು ಹೋದರು. ಮಾರನೆಯ ದಿನ ಸುತ್ತಣ ಏಳು ಹಳ್ಳಿಯವರು, ನಗುವುದಕ್ಕೆಂದೇ ಬಂದರು. "ಕಾಮಿಡಿ ಮಾಡಿಬಿಟ್ರಲ್ಲ ಭಾಗವತ್ರೇ, ವಾಹ್!" ಎಂದು ಶಫೀವುಲ್ಲಾ ಬೆನ್ನು ತಟ್ಟಿದ.

ಐದನೆಯ ದಿನ ಬೆಳಿಗ್ಗೆ ಸಣ್ಣರಂಗಯ್ಯ ಡೇರೆಯ ಮುಂದೆ ಹಲ್ಲುಜ್ಜುತ್ತಿದ್ದಾಗ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಹತ್ತಿರ ವಯಸ್ಸು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುರಿ ಕಾಯುವ ಕೋಲು. ಹೆಸರು ಕೊಲ್ಲಾಪುರಮ್ಮ ಎಂದಳು. ಸೆರಗಿನ ಗಂಟು ಬಿಚ್ಚಿ ಒಂದು ಫೋಟೋ ಹೊರತೆಗೆದಳು. ಮಧುಗಿರಿಯ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಎರಡು ಜಡೆಯ, ಹದಿಮೂರು ಹದಿನಾಲ್ಕರ ಹುಡುಗಿ, ಪ್ಲಾಸ್ಟಿಕ್ ಹೂವಿನ ಕುಂಡದ ಪಕ್ಕ ನಿಂತಿದ್ದಳು.

"ಮಾ ಬಿಡ್ಡ, ನನ್ ಮಗ್ಳು ಸಾಮೀ. ಹೋದ ವರ್ಷ ಜರ ಬಂದು ಸತ್ತೋದ್ಲು, ಪೋಯಿಂದಿ. ಈ ಫೋಟೋ ನೋಡಿ ಇಂಥದೇ ಇನ್ನೊಂದು ಚೇಸ್ತಾರಾ ಆ ಜಪಾನೋರು?"

ಸಣ್ಣರಂಗಯ್ಯ ಬಾಯಿಯ ನೀರು ಉಗಿದ. "ಅದು ಕತೆ ಕಣಮ್ಮ. ಮೊದ್ಲು ಬೊಂಬೆ ಬರ್ದಿದ್ರು, ಆಮೇಲೆ ಅದ್ಕೆ ಮನುಷ್ಯರು ವೇಷ ಹಾಕಿದ್ರು."

"ಕತೆ ಅಂತ ನಂಗೂ ಗೊತ್ತು. ಮಾಡ್ತಾರಾ ಅಂತ ಕೇಳ್ದೆ."

ಅವನು ಬಗ್ಗಿ ಫೋಟೋ ನೋಡಿದ. ಹಿಂದೆಯಾಗಿದ್ದರೆ ಒಂದು ಉಸಿರಿನಲ್ಲಿ ದೇವರನ್ನೋ ಋಷಿಯನ್ನೋ ತಂದು ನಿಲ್ಲಿಸುತ್ತಿದ್ದ. ಫೋಟೋದ ಹುಡುಗಿ ಕ್ಯಾಮೆರಾದವನು ಹೇಳಿದ್ದಕ್ಕೆಂದು ಉಸಿರು ಬಿಗಿಹಿಡಿದಿದ್ದಳು, ಈಗ ನಗುತ್ತಾಳೆ ಅನ್ನುವ ಹಾಗಿತ್ತು.

"ಗೊತ್ತಿಲ್ಲ ಕಣಮ್ಮ," ಎಂದ.

ಕೊಲ್ಲಾಪುರಮ್ಮ ಅವನ ಮುಖವನ್ನೇ ನೋಡಿದಳು. ಕೋಪವೇನೂ ಇರಲಿಲ್ಲ. "ಮೈಕ್‌ನಾಗೆ ಅಷ್ಟೆಲ್ಲ ಹೇಳ್ತೀಯಾ," ಎಂದಳು. ಫೋಟೋವನ್ನು ಮತ್ತೆ ಗಂಟು ಹಾಕಿಕೊಂಡಳು. "ಇವಳಾದ್ರೆ ಅನ್ನ ಚೆನ್ನಾಗಿ ತಿಂತಿದ್ಲು. ತಿನ್ನೋ ಹಂಗೆ ಮಾಡಕ್ಕಾಗತ್ತಾ ಅಂತ ಅದೊಂದು ಕೇಳ್ಬೇಕಿತ್ತು. ಆಗಲ್ಲ ಅಂದ್ರೆ ಬ್ಯಾಡ." ಕುರಿಗಳು ಆಗಲೇ ರಸ್ತೆ ದಾಟಿದ್ದವು. ಕೋಲು ಬೀಸುತ್ತ ಅವುಗಳ ಹಿಂದೆ ನಡೆದಳು.

ಆ ಸಂಜೆ ಸಣ್ಣರಂಗಯ್ಯ ಮೈಕಿನ ಮುಂದೆ ನಿಂತ. ಜನ ಹೇಗೂ ಕತೆ ಬಾಯಿಪಾಠ ಮಾಡಿಕೊಂಡಿದ್ದರು, ಅವನು ಒಂದು ಮಾತು ಹೇಳುವುದರೊಳಗೆ ಅವರು ಎರಡು ಹೇಳಿ ನಗುತ್ತಿದ್ದರು. ಬಟ್ಟಲು ಬಂದಾಗ ಅವನು ಮಾತು ನಿಲ್ಲಿಸಿದ. ಜಪಾನಿ ಮುದುಕ ತನ್ನ ಭಾಷೆಯಲ್ಲೇ ಏನೋ ಮೆಲ್ಲಗೆ ಹೇಳಿ ಬಟ್ಟಲನ್ನು ಮಗಳ ಕಡೆಗೆ ತಳ್ಳಿದ. ಅದರ ಅರ್ಥ ಏನಿದ್ದೀತೆಂದು ಊಹಿಸುವುದು ಕಷ್ಟವಿರಲಿಲ್ಲ, ಯಾವ ಮನೆಯಲ್ಲಾದರೂ ಅನ್ನುವ ಮಾತೇ. ಆದರೂ ಅವನು ಅದನ್ನು ಕನ್ನಡಕ್ಕೆ ತರಲಿಲ್ಲ. ಜನ ನಕ್ಕರು, ಸೀಟಿ ಹೊಡೆದರು. ಮೈಕು ಕೆಟ್ಟಿತೆಂದುಕೊಂಡು ಶಫೀವುಲ್ಲಾ ಓಡಿಬಂದು, ತಂತಿ ಎಳೆದು ನೋಡಿ, ಸರಿಯಾಗಿಯೇ ಇದೆಯಲ್ಲ ಎಂದು ತಲೆ ಕೆರೆದುಕೊಂಡು ಹೋದ.

ಏಪ್ರಿಲ್ ಎರಡನೆಯ ವಾರ ದೇವರ ಪಿಕ್ಚರು ಬಂತು. ಅದರ ಕತೆ ಎಲ್ಲರಿಗೂ ಗೊತ್ತಿದ್ದದ್ದೇ, ಭಾಷೆಯೂ ಕನ್ನಡವೇ. ಭಾಗವತನ ಕೆಲಸ ಮುಗಿಯಿತು. ಜಪಾನಿನ ಡಬ್ಬಗಳನ್ನು ಏರಿಸಿದ ಬಸ್ಸಿನಲ್ಲೇ ಸಣ್ಣರಂಗಯ್ಯನೂ ಮಧುಗಿರಿಯವರೆಗೆ ಬಂದ. ಕಂಡಕ್ಟರು ಡಬ್ಬದ ಮೇಲೆ ಅಂಟಿಸಿದ್ದ ಪೋಸ್ಟರಿನ ಚೂರನ್ನು ನೋಡಿ, "ಏನಣ್ಣ, ಮಕ್ಳ ಪಿಕ್ಚರಾ?" ಎಂದು ಕೇಳಿದ.

"ಹೂಂ ಕಣಪ್ಪ," ಎಂದ ಸಣ್ಣರಂಗಯ್ಯ. "ಮಕ್ಳದು."